ಹಳದಿ ಗೆರೆಯ ಆಚೆ

ಕಬ್ಬಿಣದ ಬೀರು ಮಾಡುವ ಆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಪೇಂಟರಣ್ಣ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಸ್ಪ್ರೇ ಗನ್ ಹಿಡಿದ ಕೈ. ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ತೆಳು ಅಂತ ಯಾರಾದರೂ ಬೆರಳು ತೋರಿಸಲಿ ನೋಡೋಣ! ಆದರೆ ಆ ಬಣ್ಣ ಬೀರುವಿನ ಮೇಲಷ್ಟೇ ಕೂರುತ್ತದೆಯೇ? ಎದೆಯೊಳಗೂ ಇಳಿದು, ಈಗೀಗ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು.

ಮೂರು ವರ್ಷದ ಹಿಂದೆ ಮ್ಯಾನೇಜರು ಪೇಂಟ್ ವಿಭಾಗದ ಹದಿನಾಲ್ಕು ಜನರನ್ನೂ ಕ್ಯಾಂಟೀನಿನಲ್ಲಿ ಕೂರಿಸಿ, ಚಹಾ ಕೊಡಿಸಿ, ಒಂದೊಂದು ಕಾಗದ ಹಂಚಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವ ಮನೆಹಾಳ.

"ಇನ್ಮೇಲೆ ನೀವು ನಮ್ಮ ಅಂಗಸಂಸ್ಥೆಯವರು. ಹೆಸರು ಬೇರೆ ಅಷ್ಟೇ, ಷೇರೆಲ್ಲ ನಮ್ಮದೇ. ನಾವು ತಾಯಿ, ಅದು ಮಗಳು. ತಾಯಿ ಮಗಳನ್ನ ಬೀದಿಗೆ ಬಿಡ್ತಾಳೇನ್ರಯ್ಯಾ?"

ಉಳಿದವರು ಮುಖ ಮುಖ ನೋಡಿಕೊಂಡರು. ಪೇಂಟರಣ್ಣ, "ಹಾಕ್ರೋ, ಅದೇ ಶೆಡ್ಡು, ಅದೇ ಗನ್ನು. ನಮಗೇನು?" ಅಂತ ಮೊದಲ ಸಹಿ ತಾನೇ ಹಾಕಿದ. ಹಿರಿಯ ಹಾಕಿದ ಮೇಲೆ ಇನ್ನೇನು, ಎಲ್ಲರೂ ಹಾಕಿದರು.

ಮಾರನೇ ದಿನ ಶೆಡ್ಡಿನ ನಡುವೆ ನೆಲಕ್ಕೆ ಹಳದಿ ಗೆರೆ ಎಳೆಯಲು ಹೇಳಿದರು. ಈಚೆ ತಾಯಿ, ಆಚೆ ಮಗಳು. ಅವನು ದಾರ ಹಿಡಿದು ಮೂರು ಕೋಟ್ ಹೊಡೆದ. ನೆಟ್ಟಗೆ ಬಂತು ಅಂತ ಬೀಗಿದ್ದೂ ಉಂಟು, ಪಾಪ.

ಗುಳಿಗೆ ಕೊಡುವಷ್ಟು ದಿನ ಕಂಪನಿ ಆಸ್ಪತ್ರೆಯಲ್ಲಿ ಯಾರೂ ಏನೂ ಕೇಳಲಿಲ್ಲ. ಕೆಮ್ಮಿನಲ್ಲಿ ರಕ್ತ ಬಿದ್ದು, ಬೇಗ ಆಪರೇಷನ್ ಆಗಬೇಕು ಅಂದಾಗ ಕೌಂಟರಿನಾಕೆ ಕಂಪ್ಯೂಟರು ನೋಡಿ, "ನೀವು ನಮ್ಮವರಲ್ಲ ಅಂಕಲ್, ನಿಮ್ಮ ಕಂಪನಿ ಬೇರೆ," ಅಂದಳು. ಮ್ಯಾನೇಜರು ಕೈ ತೊಳೆದುಕೊಂಡ. ಮಗಳ ಕಂಪನಿಯನ್ನು ಕೇಳೋಣ ಅಂದರೆ ಅದರ ಹೆಸರಲ್ಲಿ ಇದ್ದದ್ದಾದರೂ ಏನು? ಒಂದು ಮೇಜು, ಒಂದು ರಬ್ಬರ್ ಸ್ಟಾಂಪು. ಶೆಡ್ಡು ತಾಯಿಯದು, ಯಂತ್ರ ತಾಯಿಯದು, ಲಾಭ ತಾಯಿಯದು. ರೋಗ ಮಾತ್ರ ಮಗಳದು!

"ಕಾನೂನಿನ ಕಣ್ಣಿಗೆ ಅವು ಎರಡು ಬೇರೆ ವ್ಯಕ್ತಿಗಳು ಕಣ್ರಿ," ಅಂದರು ವಕೀಲರು. "ಷೇರು ಪೂರ್ತಿ ತಾಯಿಯದೇ ಇದ್ರೂ ಮಗಳ ಹೊಣೆ ತಾಯಿಗೆ ಬರಲ್ಲ. ಮಗಳು ಬರೀ ಮುಖವಾಡ ಅಂತ ನಾವೇ ಸಾಬೀತು ಮಾಡ್ಬೇಕು. ವರ್ಷಗಟ್ಟಲೆ ಹಿಡಿಯುತ್ತೆ."

"ಅಷ್ಟು ವರ್ಷ ನನ್ನ ಹತ್ರ ಇಲ್ಲ ಸಾರ್."

ಮನೆಗೆ ಬಂದರೆ ಬಾಗಿಲಲ್ಲಿ ಜೊತೆ ಕೆಲಸಗಾರನ ಹೆಂಡತಿ ನಿಂತಿದ್ದಳು. ಅವಳ ಗಂಡನಿಗೂ ಅದೇ ಕೆಮ್ಮು. "ಅಣ್ಣಾ, ನಿಮ್ಮನ್ನ ನಂಬಿ ಸಹಿ ಹಾಕಿದ್ರು ಇವ್ರು," ಅಂದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಮಗಳ ಕಂಪನಿಗೆ ಬಾಗಿಲು ಹಾಕಿದರು. ಮ್ಯಾನೇಜರ ಫೋನು ಬಂತು.

"ಆ ಗೆರೆ ಇನ್ನು ಬೇಡಪ್ಪ. ನೀನೇ ಎಳೆದದ್ದಲ್ವಾ, ನೀನೇ ಬಂದು ಕೆರೆದುಬಿಡು. ದಿನಗೂಲಿ ಕೊಡೋಣ."

"ಯಾವ ಕಂಪನಿಯಿಂದ ಕೊಡ್ತೀರಿ?" ಅಂದ ಪೇಂಟರಣ್ಣ.

ಅಷ್ಟರಲ್ಲಿ ಕೆಮ್ಮು ಒತ್ತಿ ಬಂತು. ಅದು ನಿಲ್ಲುವವರೆಗೆ ಕಾದು ಹೇಳಿದ: "ಮೂರು ಕೋಟ್ ಹೊಡೆದಿದೀನಿ ಸಾರ್. ಅದು ಇರುತ್ತೆ. ನಾನೇ ಇರಲ್ಲ."