ಚಿನ್ನದ ನೀರು, ಉಂಬಳದ ಉಪ್ಪು

ಮೂರು ದಿನದಿಂದ ನನ್ನ ಮೇಜಿನ ಮೇಲೆ ಹೆಬ್ಬೆರಳು ಗಾತ್ರದ ಒಂದು ಗಾಜಿನ ಸೀಸೆ ಕೂತಿದೆ. ಒಳಗೆ ಪುನರ್ಪುಳಿ ಶರಬತ್ತಿನಂಥ ಕೆಂಪು ನೀರು. ಕೊರಿಯರ್‌ನಲ್ಲಿ ಬಂದದ್ದು. ಜೊತೆಗೊಂದು ಚೀಟಿ: 'ಸರ್, ಇದಕ್ಕೆ ಉಪ್ಪು ಹಾಕಿ ನೋಡಿ.' ಉಪ್ಪು ಇರುವುದು ಹತ್ತು ಹೆಜ್ಜೆ ಆಚೆ, ಅಡುಗೆಮನೆಯಲ್ಲಿ. ನಾನು ಎದ್ದಿಲ್ಲ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಎರಡು ಮಳೆಗಾಲ ಹಿಂದಕ್ಕೆ ಕರೆದೊಯ್ಯಬೇಕು.

ಮೂಡಿಗೆರೆ ಕಡೆಯ ಒಂದು ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರದ ಮೇಷ್ಟ್ರು. ಆ ವರ್ಷ ಎಳೆಯ ಸಂಶೋಧಕರಿಗಾಗಿ ಎರಡು ದಿನದ ವಿಚಾರ ಸಂಕಿರಣ ನಡೆಸುವ ಕೆಲಸ ನನ್ನ ಹೆಗಲಿಗೆ ಬಿತ್ತು. ವಿಷಯ, ಚಿನ್ನ ಬೆಳ್ಳಿಗಳಂಥ ಲೋಹಗಳ ನ್ಯಾನೋ ಕಣಗಳು. ಸುಲಭಕ್ಕೆ ತುಕ್ಕು ಹಿಡಿಯದ, ಯಾರ ಜೊತೆಗೂ ಅಷ್ಟಾಗಿ ಬೆರೆಯದ ದೊಡ್ಡ ಮನೆತನದ ಲೋಹಗಳು ಇವು. ಆದರೆ ಮನೆತನದ ಗತ್ತೆಲ್ಲ ಇರುವುದು ಗಟ್ಟಿಯಾಗಿರುವಾಗ ಮಾತ್ರ. ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ನೀರಿನಲ್ಲಿ ತೇಲುವಾಗ ಚಿನ್ನ ಹಳದಿಯಲ್ಲ, ಕೆಂಪು. ಕಣಗಳು ಒಂದಕ್ಕೊಂದು ಅಂಟಿಕೊಂಡರೆ ನೇರಳೆ, ಆಮೇಲೆ ನೀಲಿ. ಅಲ್ಲಿಗೆ ಅದರ ಕತೆ ಮುಗಿಯಿತು, ಮತ್ತೆ ಕೆಂಪಾಗುವುದಿಲ್ಲ.

ವಿಜ್ಞಾನ ಹಾಗಿರಲಿ, ನನ್ನ ಪಾಲಿಗೆ ಬಂದದ್ದು ಬ್ಯಾನರು, ಜನರೇಟರಿನ ಡೀಸೆಲ್ಲು, ತಪ್ಪಾಗಿ ಅಚ್ಚಾದ ಹೆಸರುಗಳ ಸರ್ಟಿಫಿಕೇಟು. ಮೊದಲ ದಿನ ಹದಿನಾಲ್ಕು ಜನ ಹದಿನಾಲ್ಕು ಗಿಡಗಳ ಸೊಪ್ಪಿನ ರಸದಿಂದ ಬೆಳ್ಳಿಯ ಕಣ ಮಾಡಿದ್ದನ್ನು ವಿವರಿಸಿದರು. ಎಂಟನೆಯ ಸೊಪ್ಪಿಗೆ ನನ್ನ ಕಣ್ಣು ಮುಚ್ಚಿತ್ತು. ನಮ್ಮ ಅಟೆಂಡರ್ ಶೇಷಪ್ಪ ತಟ್ಟಿ ಎಬ್ಬಿಸಿ, "ಚಿನ್ನದ ಸೆಮಿನಾರು ಅಂತೀರಿ, ಊಟಕ್ಕೆ ನೋಡಿದ್ರೆ ಚಿತ್ರಾನ್ನ. ಜನ ಮುಖ ಮುರೀತಿದಾರೆ ಸಾರ್" ಎಂದ. ಅದಕ್ಕೂ ಉತ್ತರ ನಾನೇ ಕೊಡಬೇಕಿತ್ತು.

ಬಂದವರಲ್ಲಿ ಕಳಸದ ಹುಡುಗಿಯೊಬ್ಬಳಿದ್ದಳು, ನಾಗವೇಣಿ. ಕಾಫಿ ಹಣ್ಣಿನ ಸಿಪ್ಪೆ ಕುದಿಸಿದ ನೀರಿನಲ್ಲಿ ಚಿನ್ನದ ಕಣ ಮಾಡಿದ್ದಳು. ಆ ಸಿಪ್ಪೆಯ ಸಾರವೇ ಕಣಗಳಿಗೆ ಹೊದಿಕೆಯಾಗಿ ಒಂದಕ್ಕೊಂದು ಅಂಟದಂತೆ ಕಾಯುತ್ತದೆ, ಮುಂದೆ ರಕ್ತದಲ್ಲಿ ಔಷಧಿ ಹೊತ್ತೊಯ್ಯಲು ಆದೀತು ಎನ್ನುವುದು ಅವಳ ಮೂರು ವರ್ಷದ ದುಡಿಮೆ. ಎಲ್ಲರಿಗಿಂತ ಚೆನ್ನಾಗಿ ಮಂಡಿಸಿದವರನ್ನು ಬೆಂಗಳೂರಿನಿಂದ ಬಂದಿದ್ದ ಹಿರಿಯ ಪ್ರೊಫೆಸರು ಆರು ತಿಂಗಳು ತಮ್ಮ ಪ್ರಯೋಗಾಲಯಕ್ಕೆ ಕರೆಸಿಕೊಳ್ಳುವವರಿದ್ದರು. ಅವಳ ಸರದಿ ಎರಡನೆಯ ದಿನ ಮಧ್ಯಾಹ್ನ.

ಅವತ್ತು ಬೆಳಿಗ್ಗೆ ಎಲ್ಲರನ್ನೂ ಜೀಪಿನಲ್ಲಿ ದೇವರಮನೆ ಗುಡ್ಡಕ್ಕೆ ಕರೆದೊಯ್ದೆ. ಮಳೆ ಬಿಟ್ಟಿತ್ತು, ರಕ್ತ ಹೀರುವ ಉಂಬಳ ಬಿಟ್ಟಿರಲಿಲ್ಲ. ಆ ಹುಲ್ಲಿಗೆ ಕಾಲಿಡುವವರ ಕೈಯಲ್ಲಿ ಉಪ್ಪಿನ ಗಂಟು ಇರಲೇಬೇಕು. ಕಚ್ಚಿದ ಉಂಬಳಕ್ಕೆ ಒತ್ತಿದರೆ ಉದುರುತ್ತದೆ. ನಾನು ಅತಿಥಿಗಳ ಕಾಲಿಗೆಲ್ಲ ಬಗ್ಗಿ ಬಗ್ಗಿ ಒತ್ತುತ್ತಾ ಸೊಂಟ ಹಿಡಿದುಕೊಂಡಿದ್ದೆ. ನಾಗವೇಣಿ ತನ್ನ ಚಿನ್ನದ ನೀರಿನ ಸೀಸೆಯನ್ನೂ ತಂದಿದ್ದಳು, ಬಿಸಿಲಿನಲ್ಲಿ ಕೆಂಪು ಚೆನ್ನಾಗಿ ಕಾಣುತ್ತದೆಂದು. ಫೋಟೋ ತೆಗೆಯುವಷ್ಟು ಹೊತ್ತು ಅದನ್ನು ಹಿಡಿದುಕೊಳ್ಳಿ ಎಂದು ನನ್ನ ಕೈಗೆ ಕೊಟ್ಟಳು. ಹಿಡಿದುಕೊಂಡಿದ್ದರೆ ಸಾಕಿತ್ತು. ಮೂವತ್ತು ವರ್ಷದ ಮೇಷ್ಟ್ರ ಚಾಳಿ ನೋಡಿ, ಮುಚ್ಚಳ ತೆಗೆದು ಮೂಸಿದೆ, ಬಾಯಂಚನ್ನು ಹೆಬ್ಬೆರಳಿನಿಂದ ಒರೆಸಿ ಮುಚ್ಚಿಕೊಟ್ಟೆ.

ಜೀಪಿನಿಂದ ಇಳಿಯುವಾಗ ಸೀಸೆ ನೇರಳೆಯಾಗಿತ್ತು. ಊಟದ ಹೊತ್ತಿಗೆ ನೀಲಿ. ಅವಳು ಊಟ ಮಾಡಲಿಲ್ಲ. ನನಗೆ ನೋಡಿದ ಕೂಡಲೇ ತಿಳಿದಿತ್ತು. ಉಪ್ಪು ಬಿದ್ದರೆ ಇಂಥ ಕಣಗಳು ಮುದ್ದೆಗಟ್ಟುತ್ತವೆ ಎಂದು ಪ್ರತಿವರ್ಷ ಪಾಠ ಮಾಡುವವನು ನಾನು, ಬೆರಳ ಸಂದಿಯಲ್ಲಿ ಇನ್ನೂ ಉಪ್ಪು ಕಡಿಯುತ್ತಿತ್ತು.

ಮಧ್ಯಾಹ್ನ ಅವಳು ಸೀಸೆಯನ್ನು ಬಚ್ಚಿಡಲಿಲ್ಲ. ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು, "ಬೆಳಿಗ್ಗೆ ಕೆಂಪಿತ್ತು. ಯಾಕೆ ಹೀಗಾಯ್ತು ನಂಗೆ ಗೊತ್ತಿಲ್ಲ" ಎಂದಳು.

"ಹಾಗಿದ್ರೆ ಕೆಡೋದಿಲ್ಲ ಅಂತ ಹ್ಯಾಗೆ ಹೇಳ್ತೀರಮ್ಮ?" ಎಂದು ಪ್ರೊಫೆಸರು ಮೆತ್ತಗೆ ಕೇಳಿದರು.

ಎದ್ದು ನಿಲ್ಲುವ ಹೊತ್ತು ಅದು. ನಾನು ಹಿಂದಿನ ಸಾಲಿನಲ್ಲಿ ಸರ್ಟಿಫಿಕೇಟುಗಳಿಗೆ ಸಹಿ ಹಾಕುತ್ತಿದ್ದೆ, ಹಾಕುತ್ತಲೇ ಹೋದೆ. ಬಹಳ ದಣಿದಿದ್ದೆ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ದಣಿದಿದ್ದದ್ದು ನಿಜ, ಬಾಯಿ ಬಿಡಲಾರದಷ್ಟೇನಲ್ಲ. ಅವಕಾಶ ಯಾವುದೋ ಸೊಪ್ಪಿನ ಬೆಳ್ಳಿಗೆ ಹೋಯಿತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ, ಕಳಸದ ಬಸ್ಸಿಗೆ ಕಾಯುತ್ತಿದ್ದವಳ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ನನ್ನ ಹೆಬ್ಬೆರಳನ್ನು ನೋಡಿದಳು.

"ರಕ್ತದಲ್ಲೂ ಉಪ್ಪಿರತ್ತಲ್ಲ ಸರ್" ಎಂದಳು. "ಆ ಪರೀಕ್ಷೆ ನಾನು ಒಂದು ವರ್ಷದಿಂದ ಮುಂದೆ ಹಾಕ್ತಾ ಬಂದಿದ್ದೆ, ಹೆದರಿ. ನೀವು ಮಾಡಿಬಿಟ್ರಿ." ಬಸ್ಸು ಬಂತು. ಹತ್ತುವ ಮೆಟ್ಟಿಲಿನಲ್ಲಿ ತಿರುಗಿ, "ಆದ್ರೂ ನೀವು ಅಲ್ಲೇ ಹೇಳಬೇಕಿತ್ತು" ಎಂದಳು.

ಆಮೇಲೆ ಅವಳ ಸುದ್ದಿಯಿರಲಿಲ್ಲ. ಈಗ ಈ ಸೀಸೆ.

ಇವತ್ತು ಎದ್ದೆ. ಮೊದಲು ಸೋಪು ಹಚ್ಚಿ ಕೈ ತೊಳೆದೆ, ಹಾಕಹೊರಟಿದ್ದು ಉಪ್ಪನ್ನೇ ಎಂಬುದು ಒರೆಸಿಕೊಳ್ಳುವಾಗ ನೆನಪಾಯಿತು. ಒಂದು ಚಿಟಿಕೆ ಹಾಕಿ ಅಲ್ಲಾಡಿಸಿ ಕಿಟಕಿಯಲ್ಲಿಟ್ಟೆ. ಒಂದು ಲೋಟ ಕಾಫಿ ಮುಗಿಯಿತು. ಕೆಂಪು. ನಂಬಿಕೆಯಾಗದೆ ಇನ್ನೊಂದು ಚಿಟಿಕೆ ಹಾಕಿ ಊಟ ಮುಗಿಸಿ ಬಂದೆ. ಆಗಲೂ ಕೆಂಪೇ.

ಆ ಪ್ರೊಫೆಸರ ವಿಳಾಸ ನನ್ನಲ್ಲಿದೆ. ಎರಡು ವರ್ಷ ತಡವಾದ ಕಾಗದ. 'ಅವತ್ತು ಆ ಸೀಸೆಗೆ ಉಪ್ಪು ಬೀಳಿಸಿದವನು ನಾನು' ಎಂಬ ಮೊದಲ ಸಾಲು ಬರೆದಾಗಿದೆ.