ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿ ಒಂದು ಗಂಟೆ

ಆ ಬೇಸಿಗೆಯಲ್ಲಿ ನಾವಿಬ್ಬರೂ ಅಮೆರಿಕದ ಡಾಲಸ್ ಪಕ್ಕದ ನಮ್ಮೂರು ಅಲೆನ್‌ನಿಂದ ಯುರೋಪ್ ನೋಡಲು ಹೋದೆವು. ನಮ್ಮ ಯಜಮಾನರಿಗೆ ಆಗ ಐವತ್ತೆಂಟು, ಪಕ್ಕದೂರು ಪ್ಲೇನೋದಲ್ಲಿ ಇಂಜಿನಿಯರ್ ಕೆಲಸ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ವಿಯೆನ್ನಾ ಮೂರೂ ಊರಿನ ರೈಲು, ಹೋಟೆಲು ಎಲ್ಲವನ್ನೂ ಅವರೇ ತಿಂಗಳುಗಟ್ಟಲೆ ಕೂತು ಗೊತ್ತುಮಾಡಿದ್ದರು.

ವಿಯೆನ್ನಾದ ಮ್ಯೂಸಿಯಮ್ಮಿನಲ್ಲಿ ನಾನು ಕಾಲುನೋವೆಂದು ಬೆಂಚಿನ ಮೇಲೆ ಕೂತೆ. "ಮುಂದಿನ ರೂಮ್ ನೋಡ್ಕೊಂಡು ಬರ್ತೀನಿ" ಎಂದು ಹೋದವರು ಒಂದು ಗಂಟೆಯಾದರೂ ಬರಲಿಲ್ಲ. ಫೋನ್ ಎತ್ತಲಿಲ್ಲ. ರೂಮು ರೂಮು ಹುಡುಕಿ, ಅವರ ಫೋಟೋ ತೋರಿಸಿ ಕೇಳಿದೆ. ಕೊನೆಗೆ ಕಾವಲಿನ ಹೆಂಗಸೊಬ್ಬಳು ನನ್ನನ್ನು ಕೆಳಗೆ, ಬ್ಯಾಗು ಇಡುವ ಕೋಣೆಗೆ ಕರೆದೊಯ್ದಳು. ಅಲ್ಲಿ ಅವರು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು.

"ಏನ್ರೀ ಇದು, ಎಷ್ಟು ಹುಡುಕಿದೆ ಗೊತ್ತಾ?" ಎಂದೆ.

ಅವರು ನನ್ನ ಕೈ ಹಿಡಿದುಕೊಂಡು ತಗ್ಗಿದ ದನಿಯಲ್ಲಿ, "ನಾವು ಯಾವ ಊರಲ್ಲಿದೀವಿ? ಇವರನ್ನ ಕೇಳೋಕೆ ನಾಚಿಕೆ ಆಯ್ತು" ಎಂದರು.

ಉಳಿದ ಎರಡು ದಿನ ನಾವು ಹೋಟೆಲು ಬಿಟ್ಟು ಕದಲಲಿಲ್ಲ. ಡಾಲಸ್‌ಗೆ ಮರಳಿದ ಮೇಲೆ ಡಾಕ್ಟರು, ಇದು ನೆನಪನ್ನು ತಿನ್ನುವ ಕಾಯಿಲೆ, ವಾಸಿಯಾಗುವುದಿಲ್ಲ ಎಂದರು. ವರ್ಷದೊಳಗೆ ಯಜಮಾನರು ಕೆಲಸ ಬಿಟ್ಟರು, ಡ್ರೈವ್ ಮಾಡುವುದನ್ನೂ ಬಿಟ್ಟರು.

ಆಮೇಲೊಮ್ಮೆ ಹತ್ತಿರದ ಊರು ಫ್ಲವರ್ ಮೌಂಡ್‌ನ ಪರಿಚಯದ ಹುಡುಗಿ ಯುರೋಪಿಗೆ ಹೊರಟು, "ಆಂಟಿ, ಏನಾದ್ರೂ ಟಿಪ್ಸ್ ಕೊಡಿ" ಎಂದು ಫೋನ್ ಮಾಡಿದಳು. ಮ್ಯೂಸಿಯಂ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತಗೋ, ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗು, ಹೊಸ ಶೂ ಬೇಡ, ಕಾಲಿಗೆ ಒಗ್ಗಿದ್ದನ್ನೇ ಹಾಕ್ಕೋ ಎಂದೆ.

"ವಿಯೆನ್ನಾ ಹೇಗಿದೆ ಆಂಟಿ?"

ಎದುರಿಗೆ ಯಜಮಾನರು ಅಂಗಿಯ ತೋಳು ಎಲ್ಲಿದೆಯೆಂದು ತಿಳಿಯದೆ ತಡಕಾಡುತ್ತಿದ್ದರು.

"ಚೆನ್ನಾಗಿದೆಯಮ್ಮ. ಅಲ್ಲಿಗೆ ಒಂದು ದಿನ ಜಾಸ್ತಿ ಇಟ್ಕೋ" ಎಂದು ಹೇಳಿ, ಫೋನ್ ಇಟ್ಟು, ಅಂಗಿ ತೊಡಿಸಲು ಎದ್ದೆ.