ಮೊಳೆಯಣ್ಣನ ಕೈ

ಅಚ್ಚಿನ ಮೊಳೆ ಜೋಡಿಸುತ್ತಲೇ ತಲೆ ನರೆತವನಾದ್ದರಿಂದ ಅವನನ್ನು ಎಲ್ಲರೂ ಮೊಳೆಯಣ್ಣ ಎನ್ನುತ್ತಿದ್ದರು. ಅಚ್ಚಿನ ಕೆಲಸವನ್ನು ಮಕ್ಕಳಿಗೆ ಪರಿಚಯಿಸಲು ಶಾಲೆಯವರು ಕರೆದಾಗ, ಅಕ್ಷರದ ಪೆಟ್ಟಿಗೆಯನ್ನು ಹೊತ್ತುಕೊಂಡೇ ಹೋದ. ಒಬ್ಬರಾದರೂ ಕಲಿಯಲು ಬಂದಾರು ಎಂಬ ಆಸೆ.

ಅವನು ಚಹಾ ಕುಡಿದು ಬರುವಷ್ಟರಲ್ಲಿ ಮಕ್ಕಳು ಪೆಟ್ಟಿಗೆಯ ಸುತ್ತ ಮುತ್ತಿದ್ದರು.

"ಯಾವ ಅಕ್ಷರ ಯಾವ ಗೂಡಲ್ಲಿದೆ ಅಂತ ನನ್ನ ಕೈಗೇ ಗೊತ್ತು. ನೋಡ್ದೇನೇ ಜೋಡಿಸ್ತೀನಿ," ಎಂದು ಜಂಬ ಕೊಚ್ಚಿದ. ಮಕ್ಕಳ ಮುಖ ನೋಡುತ್ತಲೇ 'ಬನ್ನಿ, ಕಲಿಯಿರಿ' ಎಂದು ಜೋಡಿಸಿ, ಮಸಿ ಬಳಿದು, ಕಾಗದ ಒತ್ತಿ ಎತ್ತಿ ಹಿಡಿದ.

ಮುಂದಿನ ಬೆಂಚಿನ ಹುಡುಗಿ ಓದಿದಳು: "ಹನ್ನಿ, ಕಪಿಯಿರಿ."

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಮೊಳೆಯಣ್ಣ ಕಾಗದವನ್ನೇ ಮಿಕಿಮಿಕಿ ನೋಡಿದ.

"ತಾತ, ನಾವು ಅಕ್ಷರ ಎತ್ತಿ ನೋಡಿದ್ವಿ," ಎಂದಳು ಹುಡುಗಿ ಮೆಲ್ಲಗೆ. "ಎಲ್ಲಾ ಉಲ್ಟಾ ಇದ್ವು, ಒಂದೇ ಥರ ಕಾಣ್ತಿದ್ವು. ಅದಕ್ಕೇ ಸಿಕ್ಕಿದ ಗೂಡಿಗೆ ಹಾಕ್ಬಿಟ್ವಿ."

ಮೇಷ್ಟ್ರು ಚಪ್ಪಾಳೆ ತಟ್ಟಿಸಿ, ಬೇರೆ ಕಸುಬು ತೋರಿಸಲು ಬಂದಿದ್ದ ಮುಂದಿನವರನ್ನು ಕರೆದರು. ಯಾರೂ ಇವನ ಹಿಂದೆ ಬರಲಿಲ್ಲ.

ಮನೆಯಲ್ಲಿ ಪೆಟ್ಟಿಗೆ ಇಳಿಸಿದ. "ಎಲ್ಲಾ ಕಲಸಿಹೋಗಿದೆ ಕಣೇ, ಆರಿಸ್ಬೇಕು," ಎಂದು ಒಂದು ಮೊಳೆ ಎತ್ತಿಕೊಂಡ.

"ಆರಿಸಿ ಯಾರಿಗೆ ಕೊಡ್ತೀರಿ?" ಎಂದಳು ಹೆಂಡತಿ. ಚುಚ್ಚಲೆಂದು ಕೇಳಿದ್ದಲ್ಲ ಅದು.

ಮೊಳೆಯಣ್ಣನ ಕೈ ಪೆಟ್ಟಿಗೆಯ ಮೇಲೇ ನಿಂತುಬಿಟ್ಟಿತು. ಯಾವ ಗೂಡಿಗೆ ಹೋಗಬೇಕೆಂದು ಅದಕ್ಕೆ ತಿಳಿಯಲಿಲ್ಲ.